ಪರದೆಯ ಮೇಲಿನ ಹೆಬ್ಬೆರಳು

"ಕೇಳ್ರಪ್ಪೋ ಕೇಳಿ! ಹೊಳಲುಕೋಟೆ ದೊರೆ ವಿಜಯಮಲ್ಲರ ಅಪ್ಪಣೆ! ರಾಜಬಾಣ ಆಟದ ಕೊನೇ ಬಾಗಿಲಲ್ಲಿ ರಕ್ಕಸ ಕೇಳೋ ಮೂರು ಒಗಟು ಬಿಡಿಸಿದೋರಿಗೆ ಬೇಡಿದ್ದು ಕೊಡಲಾಗುವುದು! ತಪ್ಪು ಹೇಳಿದೋರ ಬಲಗೈ ಹೆಬ್ಬೆರಳು ಕತ್ತರಿಸಲಾಗುವುದು!"

ಕೋಟೆ, ಕಂದಕ, ಡಂಗುರ ಇದ್ದ ಊರಿಗೆ ವಿಡಿಯೋ ಗೇಮ್ ಎಲ್ಲಿಂದ ಬಂತು ಎಂದು ಕೇಳಬೇಡಿ. ದೊರೆಗೆ ಬೇಕಿತ್ತು, ಬಂತು. ಆಟದ ವೀರ ದೊರೆಯೇ. ಅದರೊಳಗೆ ಅವನು ಹೆದೆ ಎಳೆದು ನಿಂತರೆ ಎಲೆಯಡಿಕೆ ಹಾಕಿ ಉಗುಳುವಷ್ಟು ಹೊತ್ತು ನಿಂತೇ ಇರುತ್ತಿದ್ದ. ಬಾಣ ಎಷ್ಟು ದೂರ ಹೋದರೂ ಎಳೆದು ಕಟ್ಟಿದ ದಾರದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಬತ್ತಳಿಕೆ ಬರಿದಾಗುತ್ತಿರಲಿಲ್ಲ. ಮನೆಮನೆಗೂ ಒಂದು ಪರದೆ ಕೊಟ್ಟು, ಎಲ್ಲರೂ ಆಡಲೇಬೇಕೆಂದು ಕಟ್ಟಪ್ಪಣೆ ಮಾಡಿದ್ದ. ನಿಜವಾದ ಬಿಲ್ಲನ್ನು ಮಾತ್ರ ಆ ಪುಣ್ಯಾತ್ಮ ಒಂದು ದಿನವೂ ಮುಟ್ಟಿದವನಲ್ಲ.

ಬಿಲ್ಲುವಿದ್ಯೆ ಕಲಿಸುತ್ತಿದ್ದ ಗಾದ್ರಪ್ಪ, ಆಟ ಕಟ್ಟುವವರಿಗೆ ಇದು ತಪ್ಪು, ಅದು ತಪ್ಪು ಎಂದು ಹೇಳಿ ಹೇಳಿ ಸೋತಿದ್ದ. "ಆಟ ಅಲ್ವಾ ಯಜಮಾನ್ರೇ, ಯಾರಿಗೆ ಗೊತ್ತಾಗುತ್ತೆ?" ಎಂದು ನಕ್ಕಿದ್ದರು. ಮುದುಕನ ಮನಸ್ಸು ನೋಯಿಸುವುದು ಬೇಡವೆಂದು ಕೊನೇ ಬಾಗಿಲ ಒಗಟುಗಳನ್ನಷ್ಟೇ ಅವನಿಗೆ ಬಿಟ್ಟುಕೊಟ್ಟರು. ಆಮೇಲೆ ಆದದ್ದೇನು? ದೊರೆಯೇ ಆ ಬಾಗಿಲಲ್ಲಿ ಸಿಕ್ಕಿಬಿದ್ದ. ದಿನಾ ರಕ್ಕಸನ ಬಾಯಿಗೆ ತುತ್ತು. ಉತ್ತರ ಹೇಳು ಎಂದು ಗಾದ್ರಪ್ಪನನ್ನು ಕರೆಸಿದರೆ ಅವನು, "ಒಂದು ವರ್ಸ ನಿಜವಾದ ಬಿಲ್ಲು ಎಳೀರಿ ಬುದ್ಧಿ, ಉತ್ರ ತಾವಾಗೇ ಬರ್ತಾವೆ" ಎಂದ. ದೊರೆ ಅವತ್ತೇ ಅವನ ಹೆಬ್ಬೆರಳು ತೆಗೆಸಿದ.

ಡಂಗುರ ಕೇಳಿದಾಗ ಗಾದ್ರಪ್ಪನ ಮಗಳು ದುರುಗಿ ಬಾಣಕ್ಕೆ ಗರಿ ಕಟ್ಟುತ್ತಿದ್ದಳು. ಮೂರು ತಿಂಗಳಿಂದ ಅಪ್ಪನಿಗೆ ಅನ್ನ ಕಲೆಸಿ ಕೊಡುತ್ತಿದ್ದವಳು ಅವಳೇ. ಗರಿ ಕೆಳಗಿಟ್ಟು ಎದ್ದಳು. ಉತ್ತರವೇನೆಂದು ಅವಳು ಕೇಳಲಿಲ್ಲ, ಅಪ್ಪ ಹೇಳಲೂ ಇಲ್ಲ. ಮಗಳ ಹೆಬ್ಬೆರಳನ್ನೇ ಒಂದು ಗಳಿಗೆ ನೋಡಿ ಮುಖ ತಿರುಗಿಸಿಕೊಂಡ.

ಅರಮನೆಯಲ್ಲಿ ಗೋಡೆಯಗಲದ ಪರದೆ. ಪಕ್ಕದಲ್ಲಿ ಕತ್ತಿ ಹಿಡಿದ ಕಟುಕ. ಪರದೆಯ ರಕ್ಕಸ ಗುಡುಗಿದ: "ದೂರದ ಗುರಿಯ ಎದೆಗೇ ಹಿಡಿದವನು ಅದರ ಕಾಲ ಬುಡದ ಮಣ್ಣಿಗೆ ಹೊಡೆದ. ಏನೂ ಇಲ್ಲದ ಬಯಲಿಗೆ ಹಿಡಿದವನು ಎದೆಗೇ ಹೊಡೆದ. ಆ ಬಯಲು ಎಲ್ಲಿತ್ತು?"

ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿ, "ಗುರಿಯ ಹಿಂದೆ" ಎಂದ. ಪರದೆಯ ಮೇಲೆ ರಕ್ಕಸ ಆಟದ ವೀರನನ್ನು ನುಂಗಿದ. ಕಟುಕ ತನ್ನ ಕೆಲಸ ಮಾಡಿದ. ಈ ಆಟವನ್ನು ಬಾಗಿಲವರೆಗೆ ಒಂಬತ್ತು ಸಲ ಗೆದ್ದಿದ್ದ ದಳವಾಯಿಯ ಮಗ ಬಂದು, "ಗುರಿಯ ಪಕ್ಕದಲ್ಲಿ, ಗಾಳಿ ತಳ್ಳಿತು" ಎಂದ. ಅವನ ಬೆರಳೂ ಹೋಯಿತು. ಸಭೆಯಲ್ಲಿ ಮತ್ತೆ ಯಾರೂ ಮೇಲೇಳಲಿಲ್ಲ.

ದುರುಗಿ ಮುಂದೆ ಬಂದಳು.

"ನೀನ್ಯಾರೇ?" ಎಂದ ದೊರೆ.

"ಗರಿ ಕಟ್ಟೋಳು ಬುದ್ಧಿ." ರಕ್ಕಸನ ಕಡೆ ತಿರುಗಿದಳು. "ಗುರಿಯ ನೆತ್ತಿ ಮ್ಯಾಗಳ ಬಯಲು. ಬಾಣಕ್ಕೂ ಭಾರ ಐತೆ, ದೂರ ಹೋಗ್ತಾ ಹೋಗ್ತಾ ಕೆಳಗೆ ಇಳೀತದೆ. ಅದಕ್ಕೇ ಮ್ಯಾಲೆ ಹಿಡೀಬೇಕು."

ಪರದೆಯ ಬಾಗಿಲ ಒಂದು ಅಗುಳಿ ಕಳಚಿತು. ದೊರೆ ಸಿಂಹಾಸನದ ತುದಿಗೆ ಬಂದು ಕೂತ.

"ಎಳೆದು ನಿಂತ ಬಿಲ್ಲಿನಲ್ಲಿ ಮೊದಲು ಸೋಲುವುದು ಯಾವುದು?" ಎಂದ ರಕ್ಕಸ.

"ಹೆದೆ!" ಎಂದರು ಒಂದಿಬ್ಬರು. "ಬಿದಿರು!" ಎಂದ ಮಂತ್ರಿ. ದೊರೆಗೆ ತಡೆಯಲಾಗಲಿಲ್ಲ. "ಹೆದೆ ಅನ್ನೇ! ನಾನು ಹೇಳ್ತಿದ್ದೀನಿ, ಹೆದೆ!"

ಕಟುಕ ಅವಳ ಕೈ ಹಿಡಿದು ಹಲಗೆಯ ಮೇಲಿಟ್ಟ. ದುರುಗಿ ಎಳೆದುಕೊಳ್ಳಲಿಲ್ಲ. "ಎಳೆದೋನ ಬೆನ್ನು" ಎಂದಳು. "ಬಿಲ್ಲು ಎಳೆಯೋದು ಬೆರಳಲ್ಲ, ಬೆನ್ನು. ಹತ್ತು ಎಣಿಸೋದ್ರೊಳಗೆ ನಡುಗ್ತದೆ. ಹೊತ್ತುಗಟ್ಲೆ ಎಳ್ಕೊಂಡು ನಿಲ್ಲೋದು ಈ ಪರದೆ ಮ್ಯಾಲಷ್ಟೇ."

ಎರಡನೇ ಅಗುಳಿ ಕಳಚಿತು. ರಕ್ಕಸ ಮೂರನೆಯದನ್ನು ಕೇಳಿದ:

"ಬೆಳಿಗ್ಗೆ ಬಿಲ್ಲು, ಸಂಜೆ ಬರೀ ಕೋಲು. ಹಾಗಾದರೇ ಅದಕ್ಕೆ ಆಯುಸ್ಸು. ಯಾಕೆ?"

ಪರದೆಯಲ್ಲಿ ದೊರೆಯ ಬೆನ್ನಿಗೆ ಹೆದೆ ಬಿಗಿದ ಬಿಲ್ಲು ಮೂರು ಹೊತ್ತೂ ತೂಗುತ್ತಲೇ ಇತ್ತು. ದುರುಗಿ ಅದನ್ನು ನೋಡುತ್ತಲೇ ಹೇಳಿದಳು:

"ಕೆಲಸ ಮುಗಿದ ಮ್ಯಾಲೆ ಹೆದೆ ಬಿಚ್ಚಬೇಕು. ಬಿಗಿದೇ ಇಟ್ರೆ ಬಿಲ್ಲು ಬಗ್ಗಿದಂಗೇ ನಿಂತು ಕಸುವು ಕಳ್ಕೊಂತದೆ. ನಮ್ಮನೇಲಿ ಈಗ ಬೆಳಿಗ್ಗೇನೂ ಎಲ್ಲಾ ಕೋಲೇ ಬುದ್ಧಿ. ಹೆದೆ ಏರಿಸೋಕೆ ನಮ್ಮಪ್ಪ ಗಾದ್ರಪ್ಪಗೆ ಬೆರಳಿಲ್ಲ."

ಬಾಗಿಲು ತೆರೆಯಿತು. ಆ ಹೆಸರು ದೊರೆಯ ಕಿವಿಗೆ ಬಿತ್ತೋ ಇಲ್ಲವೋ, ಅವನು ಕುಣಿಯುತ್ತಿದ್ದ. "ಕೇಳು! ಏನು ಬೇಕು? ಊರು? ಒಡವೆ?"

"ಹೆಬ್ಬೆರಳು" ಎಂದಳು.

ದೊರೆ ಬಲಗೈಯನ್ನು ಶಲ್ಯದೊಳಗೆ ಅಡಗಿಸಿಕೊಂಡ.

"ಆ ಬೆರಳಲ್ಲ ಬುದ್ಧಿ. ಅದರಿಂದ ಯಾವ ಬಿಲ್ಲು ಎಳೆದಿದ್ದೀರಿ? ಪರದೆ ಮ್ಯಾಲಿನ ನಿಮ್ಮ ಬೆರಳು ತೆಗೆಸಿ. ಮನೆಮನೆ ಪರದೆಯಲ್ಲೂ. ಮತ್ತೆ ಯಾವತ್ತೂ ಅದನ್ನ ಅಂಟಿಸಕೂಡ್ದು."

ದೊರೆಯ ಮುಖ ಬೂದಿಯಾಯಿತು. ಕೆಳಗಿಳಿದು ಬಂದು ಕೈ ಮುಂದೆ ಚಾಚಿದ. "ಬೇಡ ಕಣಮ್ಮ! ಇದನ್ನೇ ಕತ್ತರಿಸು, ಎರಡೂ ಕತ್ತರಿಸು! ಊರೆಲ್ಲ ನೋಡುತ್ತೆ!"

"ನಮ್ಮಪ್ಪನೂ ಬೇಡ್ಕೊಂಡಿದ್ದ" ಎಂದಳು ದುರುಗಿ.

ಕೊಟ್ಟ ಮಾತು ಎಲ್ಲರೆದುರು ಕೊಟ್ಟದ್ದು. ಆಟ ಕಟ್ಟುವವರು ಕೂತು ಬೆರಳನ್ನು ಅಳಿಸಿಹಾಕಿದರು. ಕ್ಷಮಿಸಬಹುದಿತ್ತು ಎನ್ನುವವರು ತಮ್ಮ ಹೆಬ್ಬೆರಳನ್ನೊಮ್ಮೆ ಮುಟ್ಟಿ ನೋಡಿಕೊಂಡು ಹೇಳಲಿ. ಅಂದಿನಿಂದ ಹೊಳಲುಕೋಟೆಯ ಪ್ರತಿ ಮನೆಯಲ್ಲೂ ದೊರೆ ಬಿಲ್ಲೆತ್ತುತ್ತಾನೆ, ಹೆದೆ ಜಾರುತ್ತದೆ, ಬಾಣ ಕಾಲ ಬಳಿ ಬೀಳುತ್ತದೆ.

ದುರುಗಿ ಮನೆಗೆ ಬಂದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪರದೆ ಒರೆಸಿ ಹಚ್ಚಿದಳು. ಆ ಆಟದ ಮುಖ ನೋಡಲಾರೆ ಎಂದಿದ್ದ ಗಾದ್ರಪ್ಪ, ಬಾಣ ಬಿದ್ದದ್ದನ್ನು ನೋಡಿದ. ಆಮೇಲೆ ಚಾಪೆಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದ್ಸಲ ಹಚ್ಚವ್ವ" ಎಂದ.