ರೇಜುಗಟ್ಟೆ

ಬಿಲ್ಲೋಬನಹಳ್ಳಿಯ ಮೂಡಲಿಗೆ, ಎರಡು ಬೋಳುಗುಡ್ಡಗಳ ನಡುವೆ, ಉದ್ದನೆಯ ಮಣ್ಣಿನ ಏರಿಯೊಂದು ಕೆರೆಯನ್ನು ತಡೆದು ನಿಂತಿದೆ. ಏರಿಯ ಎರಡು ತುದಿಗಳೂ ಕರಿಮಣ್ಣು, ನಡುವೆ ಮಾತ್ರ ಕೆಮ್ಮಣ್ಣಿನ ದೊಡ್ಡ ತೇಪೆ. ಇದನ್ನು ರೇಜುಗಟ್ಟೆ ಎನ್ನುತ್ತಾರೆ. ರೇಜು ಹಳಗನ್ನಡದ ಯಾವುದೋ ಪದವಿರಬೇಕೆಂದು ಪಂಡಿತರು ತಲೆಯಾಡಿಸುವುದುಂಟು. ಅಲ್ಲ. ಅದು ಇಂಗ್ಲಿಷಿನ ಮಾತು. ಒಂದಲ್ಲ, ಎರಡು.

ಹಿಂದೆ ಒಮ್ಮೆ, ಕುಂಪಣಿಯವರು ಈ ಸೀಮೆಗೆ ಹೊಸದಾಗಿ ಕಾಲಿಟ್ಟಿದ್ದಾಗ, ದಂಡಿನ ದೊರೆಯೊಬ್ಬ ಇಲ್ಲಿ ಡೇರೆ ಹಾಕಿದ್ದನಂತೆ. ಮುಂಗಾರಿಗೇ ಕೆರೆ ತುಂಬಿತ್ತು. ಏರಿ ತಗ್ಗಾಗಿದೆ, ಎತ್ತರಿಸಿದರೆ ಒಳ್ಳೆಯದು ಎಂದು ದೊರೆಗೆ ತೋರಿತು. ದುಭಾಷಿ ವೆಂಕೋಜಿಯನ್ನು ಕರೆದು, ಏರಿಯತ್ತ ಕೈ ಮಾಡಿ, 'ರೇಜ್' ಎಂದು ಹೇಳಿ ಬೇಟೆಗೆ ಹೊರಟುಹೋದ. ಇಂಗ್ಲಿಷಿನಲ್ಲಿ ಹಾಗೆ ಕೇಳಿಸುವ ಮಾತುಗಳು ಎರಡಿವೆ. ಅಕ್ಷರ ಬೇರೆ, ಅರ್ಥವೂ ಬೇರೆ. ಒಂದು ಎತ್ತರಿಸು ಎನ್ನುತ್ತದೆ, ಇನ್ನೊಂದು ನೆಲಸಮ ಮಾಡು ಎನ್ನುತ್ತದೆ. ವೆಂಕೋಜಿ ಆ ಭಾಷೆ ಕಲಿತದ್ದು ದಂಡಿನ ಹಿಂದೆ ತಿರುಗಿ, ಪಾಳೆಯಗಾರರ ಕೋಟೆಗಳನ್ನು ಕೆಡವಿಸುತ್ತ. ಅವನಿಗೆ ಗೊತ್ತಿದ್ದದ್ದು ಎರಡನೆಯದೊಂದೇ.

ಸಿಪಾಯಿಗಳು ಗುದ್ದಲಿ ಹಿಡಿದು ಬಂದಾಗ, ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಕೆಂಚಣ್ಣ ಏರಿಗೆ ಅಡ್ಡ ಮಲಗಿದ. "ತುಂಬಿದ ಕೆರೆ ಒಡೀಬ್ಯಾಡ್ರಪ್ಪೋ! ಕೆಳಗೆ ಹಟ್ಟಿ ಐತೆ!"

"ದೊರೆ ಅಪ್ಪಣೆ. ಕೇಳಾಕೆ ನೀನ್ಯಾರು?" ಎಂದ ವೆಂಕೋಜಿ.

ಅವನನ್ನು ಎಳೆದು ಎಸೆದು ಏರಿ ಕಡಿದರು. ಕೆಂಚಣ್ಣ ಕೂಗುತ್ತ ಹಟ್ಟಿಯತ್ತ ಓಡಿದ. ಜನ ಗುಡ್ಡ ಹತ್ತಿ ಬದುಕಿಕೊಂಡರು. ನೀರು ಅವನನ್ನು ಮಾತ್ರ ಬಿಡಲಿಲ್ಲ.

ಸಂಜೆ ಹಿಂದಿರುಗಿದ ದೊರೆ ಬರಿದಾದ ಕೆರೆಯನ್ನು ಕಂಡು ಕಿರುಚಾಡಿದ. ಆದದ್ದೇನೆಂದು ತಿಳಿದ ಮೇಲೆ ನಕ್ಕುಬಿಟ್ಟನಂತೆ. ಹೆಣ ಇನ್ನೂ ಕೆಸರಿನಲ್ಲಿತ್ತು. ಆ ನಗುವನ್ನು ಬರೆಯುವಾಗ ಇಂದಿಗೂ ನನ್ನ ಹಲ್ಲು ಕಟಕಟಿಸುತ್ತದೆ. "ಯಾರದೂ ತಪ್ಪಿಲ್ಲ, ಎರಡು ಮಾತೂ ಒಂದೇ ಥರ ಕೇಳಿಸ್ತವೆ. ಏರಿ ಮತ್ತೆ ಕಟ್ಟಿಕೊಳ್ಳಿರಿ ಅಂತಾರೆ ದೊರೆ," ಎಂದು ವೆಂಕೋಜಿ ಊರಿಗೆ ಸಾರಿದ.

ಕೆಂಚಣ್ಣನ ಹೆಂಡತಿ ಸಿರಿಯಕ್ಕ ಡೇರೆಯ ಬಾಗಿಲಿಗೇ ಬಂದು ವೆಂಕೋಜಿಯ ಎದುರು ನಿಂತಳು. "ಮಾತು ಎರಡಿದ್ವು ಅಂತೀಯ. ನಂಗೆ ಗಂಡ ಒಬ್ನೇ ಇದ್ದ. ಮೊದಲ್ನೇ ಬುಟ್ಟಿ ಮಣ್ಣು ನಿನ್ ದೊರೆ ಹೊರ್ಲಿ. ಅಲ್ಲೀಗಂಟ ಈ ಊರಿನ ಒಂದು ಕೈ ಏಳಾಕಿಲ್ಲ."

ಏಳಲಿಲ್ಲ. ಕುದುರೆಗೆ ಹುಲ್ಲು ಹಾಕುವವರಿಲ್ಲ, ಒಲೆಗೆ ಸೌದೆ ಕೊಡುವವರಿಲ್ಲ. ಸಿಪಾಯಿಗಳು ಬಡಿದರು; ಜನ ಏಟು ತಿಂದು ಅಲ್ಲೇ ಕೂತರು. ಕುದುರೆಗಳು ಸೊರಗಿ ಮಲಗತೊಡಗಿದ ಮೇಲೆ ದೊರೆ ಸೋತ. ಗುಡ್ಡದ ಕೆಮ್ಮಣ್ಣನ್ನು ತಲೆಯ ಮೇಲೆ ಹೊತ್ತು ಊರ ನಡುವೆ ನಡೆದ, ಹಿಂದೆ ವೆಂಕೋಜಿ. ಸಿರಿಯಕ್ಕ ಕ್ಷಮಿಸಲಿಲ್ಲ. ಏರಿ ಎದ್ದಾಗ ದೊರೆ ಅದಕ್ಕೆ ತನ್ನ ಹೆಸರಿಡಲು ಹೇಳಿಕಳಿಸಿದ. "ಅವನ ಹೆಸರ್ಯಾಕೆ? ಅವನ ಬಾಯಿಂದ ಬಿದ್ದ ಮಾತೇ ಇರ್ಲಿ. ಹುಟ್ಟೋ ಮಕ್ಳಿಗೂ ಗೊತ್ತಾಗ್ಲಿ," ಎಂದಳಂತೆ.

ಈಗ ಏರಿಯ ಮೇಲೆ ಸರ್ಕಾರಿ ಫಲಕವೊಂದಿದೆ: 'ರಾಜಗಟ್ಟೆ'. ಯಾವನೋ ರಾಜ ಕಟ್ಟಿಸಿದನೆಂದು ಕೆಳಗೆ ಒಕ್ಕಣೆ. ಯಾವ ರಾಜನೂ ಇಲ್ಲಿ ಹಿಡಿ ಮಣ್ಣು ಹಾಕಿದವನಲ್ಲ. ಪ್ರತಿ ಸಲ ಬಣ್ಣ ಬಳಿದ ಮರುದಿನವೇ ಊರ ಹೆಂಗಸರು ಆ 'ರಾಜ'ನ ಮೇಲೆ ಸೆಗಣಿ ಮೆತ್ತುತ್ತಾರೆ. ನೋಡಲು ಬಂದವರು ಗಲೀಜೆಂದು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ.