ಗೌಡರ ತಲೆದಿಂಬು

ಹತ್ತಿ ಹಿಂಜುವ ದಾವಲಬಿ ಗೌಡರ ಮನೆಯಲ್ಲಿ ಗಾದಿ ಹೊಲಿದು ಮುಗಿಸಿದಳು. ಒಂದಿಷ್ಟು ಅರಳೆ ಉಳಿಯಿತು. ಅವಳ ಮನೆಯಲ್ಲಿ ಎಂಟು ದಿನದ ಮೊಮ್ಮಗ ಚಳಿಗೆ ನಡುಗುತ್ತಿದ್ದ.

"ಗೌಡ್ರ, ಉಳಿದದ್ದು ಕೂಸಿನ ಹೊದಿಕೆಗೆ ಕೊಡ್ರೀ," ಎಂದು ಕೈಮುಗಿದಳು.

"ಒಂದೆಳೆನೂ ಹೊರಗ ಹೋಗಬಾರದು! ಎಲ್ಲಾ ನನ್ನ ತಲೆದಿಂಬಿಗೆ ತುಂಬು!"

ದಾವಲಬಿ ಅಳುತ್ತಲೇ ಒಂದು ಯೋಚನೆ ಮಾಡಿದಳು. ಇದ್ದಬದ್ದ ಅರಳೆಯನ್ನೆಲ್ಲ ಗಿಡಿದು ತುಂಬಿದಳು. ದಿಂಬು ಕಲ್ಲಾಯಿತು.

ಮಧ್ಯಾಹ್ನ ಮಲಗೆದ್ದ ಗೌಡರ ಕುತ್ತಿಗೆ ಹೊರಳಲಿಲ್ಲ.

"ಏನ ಮಾಡೀಯಬೇ ಇದು?"

"ಒಂದೆಳೆನೂ ಹೊರಗ ಬಿಟ್ಟಿಲ್ರೀ."

"ಅರ್ಧ ಕಿತ್ತು ಒಗಿ!"

"ನಿಮ್ಮ ಅಂಗಳದಾಗ ಒಗದ್ರ ಹೊಲಸಾಗ್ತದ್ರೀ."

"ಹಂಗಾರ ನಿನ್ನ ಮನ್ಯಾಗ ಒಗಿ!"

ಅವಳು ಉಡಿ ತುಂಬಿಕೊಂಡು ಓಡಿದಳು. ಸಂಜೆಗೆ ಕೂಸು ಹೊಸ ಹೊದಿಕೆಯೊಳಗೆ ಬೆಚ್ಚಗೆ ಮಲಗಿತು. ದಾವಲಬಿಗೆ ಮಾತ್ರ ನಗು ಬರಲಿಲ್ಲ.

"ಹೋದ ವರ್ಷದ ಚಳ್ಯಾಗ ಈ ಬುದ್ಧಿ ಹೊಳೆದಿದ್ರ ಇದರ ಅಕ್ಕನೂ ಉಳೀತಿದ್ಲು," ಎಂದು ಗೋಡೆಗೆ ಮುಖ ಮಾಡಿ ಕೂತಳು.