ಸ್ಟೆತಾಸ್ಕೋಪಿನ ನಗು

ಒಬ್ಬ ಡಾಕ್ಟರ ಕೊರಳಲ್ಲಿ ಮೂವತ್ತು ವರ್ಷ ಮೆರೆದ ಸ್ಟೆತಾಸ್ಕೋಪೊಂದಿತ್ತು. ಎಕ್ಸ್‌ರೇ ನೋಡಿ ರೋಗ ಹೇಳುವ ಕಂಪ್ಯೂಟರ್ ಆಸ್ಪತ್ರೆಗೆ ಬಂದಂದಿನಿಂದ ಅದಕ್ಕೆ ಹೊಟ್ಟೆಕಿಚ್ಚು.

ಒಂದು ದಿನ ಬೀಡಿ ಕಟ್ಟುವ ಹಂಪವ್ವ ಕೆಮ್ಮುತ್ತ ಬಂದಳು.

“ಎದೆಯಲ್ಲಿ ದೋಷವಿಲ್ಲ,” ಎಂದಿತು ಸ್ಟೆತಾಸ್ಕೋಪು.

“ಬಲಗಡೆ ರೂಪಾಯಿ ಅಗಲದ ಕಲೆಯಿದೆ,” ಎಂದಿತು ಕಂಪ್ಯೂಟರ್.

ವಿಚಾರಿಸಿದರೆ, ಎಕ್ಸ್‌ರೇ ತೆಗೆಯುವಾಗ ಹಂಪವ್ವ ಕೊರಳ ತಾಮ್ರದ ತಾಯತ ಬಿಚ್ಚದೆ ಬೆನ್ನಿಗೆ ಸರಿಸಿಕೊಂಡಿದ್ದಳು! ಸ್ಟೆತಾಸ್ಕೋಪು ಬಿದ್ದು ಬಿದ್ದು ನಕ್ಕಿತು. “ತಾಯತವನ್ನೇ ರೋಗ ಎಂದೆಯಲ್ಲೋ ಪಂಡಿತ! ನಾನು ಒಮ್ಮೆಯೂ ಮಾತು ಬದಲಿಸಿದವನಲ್ಲ.”

“ನನ್ನದು ತಪ್ಪಾಯಿತು. ತಾಯತ ತೆಗೆಸಿ, ಇನ್ನೊಮ್ಮೆ ನೋಡುತ್ತೇನೆ,” ಎಂದಿತು ಕಂಪ್ಯೂಟರ್.

“ಅದು ನನ್ನ ಕಾಯತೈತ್ರಿ, ಬಿಚ್ಚಂಗಿಲ್ಲ,” ಎಂದಳು ಹಂಪವ್ವ.

“ಐದು ನಿಮಿಷ ಅದನ್ನ ನಾ ಕಾಯತೀನಿ, ಕೊಡವ್ವ,” ಎಂದು ಡಾಕ್ಟರು ಕೈಯೊಡ್ಡಿದರು.

ಎರಡನೇ ಚಿತ್ರದಲ್ಲಿ ಆ ಕಲೆ ಇರಲಿಲ್ಲ. ತಾಯತ ಮುಚ್ಚಿದ್ದ ಜಾಗದಲ್ಲಿ ಮಾತ್ರ ಸಾಸಿವೆಯಷ್ಟು ಚುಕ್ಕೆಯೊಂದು ಕಂಡಿತು.

“ರೋಗ ಬೇಗ ಸಿಕ್ಕಿತವ್ವ, ಗುಣ ಮಾಡೋಣ,” ಎಂದರು ಡಾಕ್ಟರು.

ಸ್ಟೆತಾಸ್ಕೋಪಿನ ನಗು ನಿಂತಿತು. ‘ದೋಷವಿಲ್ಲ’ ಎಂದು ತಾನು ಮನೆಗೆ ಕಳಿಸಿದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಮುಂದಿನ ರೋಗಿ ಬಂದು ಕೂತಾಗ ಅದು ಮೂವತ್ತು ವರ್ಷಗಳಲ್ಲಿ ಮೊದಲ ಸಲ ಹೇಳಿತು:

“ಇನ್ನೊಮ್ಮೆ ಕೇಳುತ್ತೇನೆ.”